ಅರ್ಧ ಮುಳುಗಿ ತೇಲುವ ತೈಲ ರಿಗ್ ಎಷ್ಟು ಭದ್ರ?

ಪ್ರಶ್ನೆ: ನನ್ನ ಮಗನಿಗೆ ಸೆಮಿಸಬ್‌ಮರ್ಸಿಬಲ್ ಎಂಬ ತೈಲ ರಿಗ್‌ನಲ್ಲಿ ಕೆಲಸ ಸಿಕ್ಕಿದೆ. ಅದು ಸಮುದ್ರದ ತಳಕ್ಕೆ ಕಾಲೂರದೆ ತೇಲುತ್ತದಂತೆ. ಅಲೆಗೆ ಮಗುಚುವುದಿಲ್ಲವೇ? ಅದರ ಗುಣದೋಷಗಳೇನು?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಮನೆಯ ನೀರಿನ ತೊಟ್ಟಿಯಲ್ಲಿ ಒಂದು ಖಾಲಿ ಬಿಂದಿಗೆಯನ್ನು ತೇಲಿಬಿಟ್ಟು ನೋಡಿ. ನೀರು ತುಸು ಕದಡಿದರೂ ಅದು ಕುಣಿಯುತ್ತದೆ. ಅದೇ ಬಿಂದಿಗೆ ಕತ್ತಿನವರೆಗೆ ಮುಳುಗುವಷ್ಟು ನೀರು ತುಂಬಿ ಬಿಟ್ಟರೆ, ಅಲೆಗಳು ಕತ್ತನ್ನು ಸವರಿಕೊಂಡು ಹೋಗುತ್ತವೆಯೇ ಹೊರತು ಬಿಂದಿಗೆ ಹೆಚ್ಚು ಏರಿಳಿಯುವುದಿಲ್ಲ. ಈ ರಿಗ್‌ನಲ್ಲಿಯೂ ಪೊಂಟೂನ್ ಎಂಬ ಟೊಳ್ಳು ಒಡಲುಗಳು ಅಲೆಯ ಹೊಡೆತ ತಗ್ಗಿರುವ ಆಳದಲ್ಲಿರುತ್ತವೆ. ನೀರಿನ ಮಟ್ಟವನ್ನು ದಾಟಿ ಮೇಲೆ ಬರುವುದು ಡೆಕ್ಕನ್ನು ಹೊತ್ತ ಕಂಬಗಳು ಮಾತ್ರ. ಆದ್ದರಿಂದ ಅದರ ಏರಿಳಿತದ ಸಹಜ ಅವಧಿ, ಅಂದರೆ ತಾನಾಗಿ ಒಮ್ಮೆ ಏರಿ ಇಳಿಯಲು ಹಿಡಿಯುವ ಸಮಯ, ಸಾಮಾನ್ಯವಾಗಿ 20 ಸೆಕೆಂಡಿಗೂ ಹೆಚ್ಚು, ಬಹುಪಾಲು ಅಲೆಗಳ ಅವಧಿ ಅದಕ್ಕಿಂತ ಕಡಿಮೆ. ಹೀಗೆ ತಾಳ ಹೊಂದದ್ದರಿಂದ ಅಲೆಗಳು ಅದನ್ನು ಹೆಚ್ಚು ಕುಣಿಸಲಾರವು. ಮುಂಬೈ ಹೈ ಎಂಬ ಕಡಲ ತೈಲಕ್ಷೇತ್ರದಂತಹ ಸುಮಾರು 75 ಮೀಟರ್ ಆಳದ ನೀರಿನಲ್ಲಿ ತಳಕ್ಕೆ ಊರಿದ ವೇದಿಕೆಗಳೇ ಸಾಕು. ಸಾವಿರಾರು ಮೀಟರ್ ಆಳದಲ್ಲಿ ಕಾಲೂರುವ ಮಾತೇ ಇಲ್ಲವಾದ್ದರಿಂದ ತೇಲುವ ರಿಗ್ ಬೇಕಾಗುತ್ತದೆ. ಒಂದು ಬಾವಿ ಮುಗಿದೊಡನೆ ಅದನ್ನು ಮತ್ತೊಂದೆಡೆಗೆ ಎಳೆದೊಯ್ಯಲೂ ಬಹುದು.

ದೋಷವೂ ಬಿಂದಿಗೆಯ ಕತ್ತಿನಂತಿರುವ ಆ ಕಂಬಗಳಲ್ಲಿಯೇ ಇದೆ. ಅಗಲವಾದ ಹಡಗಿಗೆ ಹೊರೆ ಏರಿಸಿದರೆ ಅದು ತುಸುವೇ ಇಳಿಯುತ್ತದೆ. ಇದು ಅಷ್ಟೇ ಹೊರೆಗೆ ಬಹಳ ಇಳಿಯುತ್ತದೆ. ಹೀಗಾಗಿ ಸಮತೋಲಕ್ಕೆಂದು ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕ್‌ಗಳ ನೀರನ್ನು ಸದಾ ಸರಿದೂಗಿಸುತ್ತಿರಬೇಕು. ಫೆಬ್ರವರಿ 1982ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಬಿರುಗಾಳಿಗೆ ಓಷನ್ ರೇಂಜರ್ ರಿಗ್‌ನ ಒಂದು ಕಿಟಕಿ ಒಡೆಯಿತು. ಒಳನುಗ್ಗಿದ ಉಪ್ಪುನೀರು ಬ್ಯಾಲಸ್ಟ್ ನಿಯಂತ್ರಣ ಫಲಕವನ್ನು ಕೆಡಿಸಿತು. ಅದನ್ನು ಸಂಭಾಳಿಸುವ ತರಬೇತಿ ಸಿಬ್ಬಂದಿಗೆ ಸಾಲದೆ ರಿಗ್ ಮುಳುಗಿ 84 ಮಂದಿಯೂ ಸತ್ತರು. ಅದಕ್ಕೆ ಎರಡು ವರ್ಷ ಮುಂಚೆ, ಮಾರ್ಚ್ 1980ರಲ್ಲಿ, ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಎಂಬ ಇಂತಹದೇ ವೇದಿಕೆ ಮಗುಚಿ 123 ಜನ ಅಸುನೀಗಿದ್ದರು. ಒಂದು ಉಪಕರಣವನ್ನು ಕೂರಿಸಲೆಂದು ಅಡ್ಡಕೊಳವೆಗೆ ಹಾಕಿದ್ದ ಸಣ್ಣ ವೆಲ್ಡಿಂಗ್‌ನಲ್ಲಿ ಹುಟ್ಟಿದ ಬಿರುಕು ದಿನದಿನವೂ ಅಲೆಗಳ ತುಯ್ತಕ್ಕೆ ಬೆಳೆದು, ಕೊನೆಗೆ ಐದು ಕಂಬಗಳಲ್ಲಿ ಒಂದನ್ನೇ ಕಳಚಿ ಹಾಕಿತು. ವೆಲ್ಡಿಂಗ್ ತಪಾಸಣೆಯನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವುದು ಇದಕ್ಕಾಗಿಯೇ. ತೆಗೆದ ತೈಲವನ್ನು ಕೂಡಿಡಲು ಇಂತಹ ವೇದಿಕೆಗಳಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ ಎಂಬುದು ಇನ್ನೊಂದು ಕೊರತೆ. ಅದು ಕಂಪನಿಯ ಖರ್ಚಿನ ವಿಷಯ, ನಿಮ್ಮ ಮಗನ ಸುರಕ್ಷತೆಯದ್ದಲ್ಲ.

ರಿಗ್‌ಗೆ ಕರೆದೊಯ್ಯುವ ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಪಾರಾಗುವ ತರಬೇತಿಯನ್ನೂ ಲೈಫ್‌ಬೋಟ್ ಇಳಿಸುವ ಅಭ್ಯಾಸವನ್ನೂ ನಿಮ್ಮ ಮಗ ರಿಗ್ ಏರುವ ಮುನ್ನವೇ ಮುಗಿಸಿರಲಿ. ಓಷನ್ ರೇಂಜರ್‌ನಲ್ಲಿದ್ದವರಿಗೆ ಚಳಿನೀರಿನಿಂದ ಕಾಪಾಡುವ ಉಡುಪುಗಳು ಇರಲಿಲ್ಲ. ಶೀತ ಸಮುದ್ರದಲ್ಲಿ ಕೆಲಸವಾದರೆ, ತಮ್ಮ ಅಳತೆಯ ಉಡುಪು ಸಿಕ್ಕಿದೆಯೇ ಎಂದು ಮಗನನ್ನು ಕೇಳಿ.