ಪಕ್ಕದ ಲೇಬರ್ ಶೆಡ್‌ನವರಿಗೆ ನಾವೇನು ಮಾಡಬಹುದು?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಇದೆ. ಪಕ್ಕದಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿದ್ದು, ಅಲ್ಲಿನ ತಗಡಿನ ಶೆಡ್‌ಗಳಲ್ಲಿ ರಾಯಚೂರು, ಯಾದಗಿರಿಯಿಂದ ಗುಳೆ ಬಂದವರೂ ಒಡಿಶಾ, ಬಿಹಾರದವರೂ ಇದ್ದಾರೆ. ಮಕ್ಕಳು ದಿನವಿಡೀ ಮರಳಿನ ರಾಶಿಯ ಮೇಲೆ ಆಡುತ್ತಿರುತ್ತಾರೆ. ನಾವು ಏಳೆಂಟು ಮಂದಿ ಸೇರಿ ಭಾನುವಾರ ಪಾಠ ಹೇಳಿಕೊಡಬೇಕು, ಬಟ್ಟೆ, ದಿನಸಿ ಹಂಚಬೇಕು ಎಂದುಕೊಂಡಿದ್ದೇವೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಹಂಚುವುದನ್ನು ಸದ್ಯಕ್ಕೆ ಬದಿಗಿಡಿ. ಅಕ್ಕಿ, ಶಾಲೆ, ಲಸಿಕೆ, ಕಾರ್ಮಿಕರ ಸವಲತ್ತು ಇವೆಲ್ಲ ಅವರಿಗೆ ಹಕ್ಕಾಗಿಯೇ ಸಲ್ಲಬೇಕು. ಆದರೆ ಊರು ಬಿಟ್ಟು ಬಂದವರಿಗೆ ಅವು ಕೈಗೆಟುಕುತ್ತಿಲ್ಲ. ಕಚೇರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಅಲ್ಲಿ ಯಾರಾದರೂ ಗದರಿದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ನಿಮ್ಮಂಥವರೊಬ್ಬರು ಜೊತೆಗೆ ಹೋಗಿ ನಿಂತರೆ ಅಲ್ಲಿನವರ ಮಾತಿನ ಧಾಟಿಯೇ ಬದಲಾಗುತ್ತದೆ. ಹಾಗಾಗಬಾರದಿತ್ತು, ಆದರೆ ಆಗುತ್ತದೆ. ನಿಮ್ಮಿಂದ ಆಗಬೇಕಾದ ಮೊದಲ ಕೆಲಸ ಹೀಗೆ ಜೊತೆಗೆ ಹೋಗುವುದು.

ಅದಕ್ಕೂ ಮುಂಚೆ ಮೇಸ್ತ್ರಿಯನ್ನು ಮಾತನಾಡಿಸಿ. ಅವರಿಗೆ ತಿಳಿಸದೆ ಶೆಡ್‌ಗಳಿಗೆ ಹೋದರೆ ಯಾರೋ ತನಿಖೆಗೆ ಬಂದಿದ್ದಾರೆ ಎಂದು ಎಲ್ಲರೂ ಹೆದರುತ್ತಾರೆ. ಸಂಜೆ ಏಳರ ನಂತರ, ಕೆಲಸ ಮುಗಿಸಿ ಒಲೆ ಹಚ್ಚುವ ಹೊತ್ತಿಗೆ ಹೋಗಿ. ಫೋಟೋ ಬೇಡ.

ಇನ್ನು ಮಕ್ಕಳ ವಿಷಯ. ಆ ಮರಳಿನ ರಾಶಿಯ ಬಳಿ ಒಮ್ಮೆ ಗಮನವಿಟ್ಟು ನೋಡಿ. ಎಂಟೊಂಬತ್ತು ವರ್ಷದ ಹುಡುಗಿಯ ಸೊಂಟದ ಮೇಲೆ ಒಂದು ಕೂಸು ಇದ್ದೇ ಇರುತ್ತದೆ. ಅವಳು ಶಾಲೆಗೆ ಹೋಗದಿರುವುದಕ್ಕೆ ಕಾರಣ ಆ ಕೂಸು. ತಾಯಿ ಇಟ್ಟಿಗೆ ಹೊರುವಾಗ ಅದನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ಮೂರು ತುಂಬಿದ ಮಕ್ಕಳನ್ನು ಅಂಗನವಾಡಿಗೆ ಸೇರಿಸಬಹುದು. ಅದಕ್ಕಿಂತ ಚಿಕ್ಕವರನ್ನು ಅಲ್ಲಿ ಸಾಮಾನ್ಯವಾಗಿ ದಿನವಿಡೀ ಇರಿಸಿಕೊಳ್ಳುವುದಿಲ್ಲ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಕೆಲಸದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಗುತ್ತಿಗೆದಾರರನ್ನು ಈ ಬಗ್ಗೆ ಕೇಳಿ. ಅವರು ಒಪ್ಪದಿದ್ದರೆ, ಬಟ್ಟೆ, ದಿನಸಿಗೆಂದು ಎತ್ತಿಟ್ಟ ಹಣದಲ್ಲಿ ಶೆಡ್‌ನವರೇ ಆದ ಒಬ್ಬ ಹೆಂಗಸಿಗೆ ದಿನಗೂಲಿ ಕೊಟ್ಟು, ನೆರಳಿರುವ ಒಂದು ಕೋಣೆಯಲ್ಲಿ ಕೂಸುಗಳನ್ನು ನೋಡಿಕೊಳ್ಳಲು ಏರ್ಪಾಡು ಮಾಡಿ. ನಿಮ್ಮ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ಕಾಣುವುದಿಲ್ಲ.

ಆಮೇಲೆ ಅಕ್ಕಂದಿರನ್ನು ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ವರ್ಷದ ನಡುವೆ ಬಂದಿದ್ದಾರೆಂದಾಗಲಿ 6ರಿಂದ 14 ವರ್ಷದ ಮಗುವನ್ನು ವಾಪಸ್ ಕಳುಹಿಸುವಂತಿಲ್ಲ. ಎಂದೂ ಶಾಲೆಯ ಮುಖ ನೋಡದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನೆಲ್ಲ ಸ್ಪಷ್ಟವಾಗಿ ಹೇಳುತ್ತದೆ. ಮುಖ್ಯೋಪಾಧ್ಯಾಯರೊಂದಿಗೆ ಜಗಳಕ್ಕೆ ಇಳಿಯಬೇಡಿ, ಕಾಯ್ದೆಯ ಮಾತನ್ನು ಸಮಾಧಾನದಿಂದ ನೆನಪಿಸಿ. ನಿಮ್ಮ ಪಾಠ ಬೇಕಾಗುವುದು ಇಲ್ಲಿಂದ ಮುಂದೆ: ಒಡಿಯಾ, ಹಿಂದಿ ಮಾತನಾಡುವ ಮಕ್ಕಳಿಗೆ ಪ್ರತಿ ಸಂಜೆ ಒಂದು ಗಂಟೆ ಕನ್ನಡ. ವಾರಕ್ಕೊಂದು ಭಾನುವಾರ ಅದಕ್ಕೆ ಸಾಲದು.

ದಿನಸಿಯ ಬದಲು ಪಡಿತರ ಕೊಡಿಸಿ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಬಿಹಾರದ ಚೀಟಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗಬೇಕು. ಪಾಲಿನಲ್ಲಿ ಒಂದಿಷ್ಟನ್ನು ಇಲ್ಲಿ ಪಡೆದು, ಉಳಿದದ್ದನ್ನು ಊರಿನಲ್ಲಿರುವ ಮನೆಯವರು ಪಡೆಯಲೂ ಅವಕಾಶವಿದೆ. ಇದು ಅವರಲ್ಲಿ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ತೊಡಕು ಬರುವುದು ಬೆರಳಚ್ಚಿನ ಯಂತ್ರದಲ್ಲಿ. ಸಿಮೆಂಟ್ ಕಲಸಿ ಕಲಸಿ ಬೆರಳ ತುದಿಯ ಗೆರೆಗಳು ಸವೆದಿರುತ್ತವೆ. ಯಂತ್ರ ಮತ್ತೆ ಮತ್ತೆ ‘ಹೊಂದಿಕೆಯಾಗಿಲ್ಲ’ ಎನ್ನುತ್ತದೆ, ಹಿಂದಿನ ಸಾಲಿನವರು ಗೊಣಗತೊಡಗುತ್ತಾರೆ, ಪಡಿತರಕ್ಕೆ ಬಂದ ಕಾರ್ಮಿಕರು ಚೀಲ ಮಡಚಿಕೊಂಡು ಹೊರಟುಬಿಡುತ್ತಾರೆ. ಆಗ ನೀವು ಅಲ್ಲಿರಬೇಕು. ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳು ಇಡಲಿ. ಅದೂ ಆಗದಿದ್ದರೆ ಚೀಟಿಯಲ್ಲಿ ಹೆಸರಿರುವ ಇನ್ನೊಬ್ಬರು ಬೆರಳು ಕೊಡಬಹುದು. ಚೀಟಿಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಶ್ರಮ್ ನೋಂದಣಿ ಉಚಿತ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್‌ಗೆ 18ರಿಂದ 60ರೊಳಗಿನ ವಯಸ್ಸು ಮತ್ತು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಆ ಸಹಿ ಹಾಕಿಸಿಕೊಡಲು ಮೇಸ್ತ್ರಿ, ಗುತ್ತಿಗೆದಾರರ ಸ್ನೇಹ ನೆರವಿಗೆ ಬರುತ್ತದೆ.

ಒಂದು ಎಚ್ಚರಿಕೆ. ಆಧಾರ್ ಪ್ರತಿಗಳನ್ನು ನಿಮ್ಮ ಬಳಿ ಇಟ್ಟುಕೊಳ್ಳಬೇಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ. ಬಂಗಾಳಿ ಮಾತನಾಡಿದ ಮಾತ್ರಕ್ಕೆ ‘ನೀವು ಎಲ್ಲಿಯವರು, ದಾಖಲೆ ತೋರಿಸಿ’ ಎಂದು ಪ್ರಶ್ನಿಸುವುದು ನೆರವಿಗೆ ಹೋದವರ ಕೆಲಸವಲ್ಲ. ಹಾಗೆ ಒಮ್ಮೆ ಕೇಳಿದರೂ ಇಡೀ ಶೆಡ್ ನಿಮ್ಮಿಂದ ದೂರವಾಗುತ್ತದೆ.

ಪ್ರಶ್ನೆ: ನಾವೂ ಇಂಥ ಕೆಲಸ ಮಾಡುತ್ತಿದ್ದೇವೆ. ಆದರೆ ನಾಲ್ಕೈದು ತಿಂಗಳಲ್ಲಿ ಆ ಕುಟುಂಬಗಳು ಹೊರಟುಬಿಡುತ್ತವೆ. ಪಟ್ಟ ಶ್ರಮವೆಲ್ಲ ವ್ಯರ್ಥವಲ್ಲವೇ?

ಉತ್ತರ: ಅಲ್ಲ, ಅವರ ಕೈಯಲ್ಲಿ ಕಾಗದ ಇಟ್ಟು ಕಳುಹಿಸಿದರೆ. ಮುಂಗಾರು ಬಿತ್ತನೆಗೆ ರಾಯಚೂರಿನವರು ಊರಿಗೆ ಮರಳುವ ಮುನ್ನ ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು (ರಾಜ್ಯದ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ) ಶಾಲೆಯಿಂದ ಬರೆಸಿಕೊಡಿ; ಅದಿದ್ದರೆ ರಾಜ್ಯದ ಇನ್ನೊಂದು ಶಾಲೆಯಲ್ಲಿ ಮಗುವಿನ ದಾಖಲೆ ಹುಡುಕುವುದು ಸುಲಭ. ತಾಯಿ ಕಾರ್ಡ್‌ನಲ್ಲಿ ಲಸಿಕೆಗಳೆಲ್ಲ ನಮೂದಾಗಿವೆಯೇ ನೋಡಿ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಅಷ್ಟರಲ್ಲಿ ಗುಳೆ ಹೋಗುವವರು ಎರಡು ಮೂರು ಕಡೆ ಸುತ್ತಿರುತ್ತಾರೆ, ತಪ್ಪಿಹೋಗುವುದು ಆ ಎರಡನೆಯದೇ. ಎಲ್ಲ ಕಾಗದಗಳ ಫೋಟೋವನ್ನು ಅವರದೇ ಮೊಬೈಲಿನಲ್ಲಿ ತೆಗೆದುಕೊಡಿ, ನಿಮ್ಮ ನಂಬರನ್ನೂ ಸೇರಿಸಿಕೊಡಿ. ಮುಂದಿನ ಊರಿನಲ್ಲಿ ಶಾಲೆಯವರು ತಕರಾರು ತೆಗೆದರೆ ಅಲ್ಲಿಂದಲೇ ನಿಮಗೆ ಫೋನ್ ಮಾಡಲಿ.