ಹಳೆಯ ಮಜ್ದಾ ಎಮ್‌ಎಕ್ಸ್-5: ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಮಿಸ್‌ಫೈರ್ ಆಗುವುದು ಯಾಕೆ?

ಐಡಲ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಸರಿಯಾಗಿದ್ದು, ಟಾಪ್ ಗೇರ್‌ನಲ್ಲಿ ಪೂರ್ತಿ ಒತ್ತಿದಾಗ ಮಾತ್ರ ಮಿಸ್‌ಫೈರ್ ಆಗಿ (ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ) ಮುಗ್ಗರಿಸುತ್ತದೆ ಅಂದರೆ, ನನ್ನ ಮೊದಲ ಅನುಮಾನ ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಒಯ್ಯುವ ಪ್ಲಗ್ ವೈರ್‌ಗಳ ಮೇಲೆ. ಲೋಡ್ ಜಾಸ್ತಿಯಾದಷ್ಟೂ ಸಿಲಿಂಡರ್‌ನಲ್ಲಿ ಒತ್ತಡ ಏರುತ್ತದೆ, ಪ್ಲಗ್‌ನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಆಗ ವೈರ್‌ನ ಇನ್ಸುಲೇಶನ್ ಸವೆದಿದ್ದರೆ ಕಿಡಿ ಅಲ್ಲಿಂದಲೇ ಇಂಜಿನ್‌ನ ಲೋಹಕ್ಕೆ ಹಾರಿಬಿಡುತ್ತದೆ. ಕತ್ತಲಲ್ಲಿ ಇಂಜಿನ್ ಓಡುತ್ತಿರುವಾಗ ಬಾನೆಟ್ ತೆಗೆದು ವೈರ್‌ಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿ ನೋಡಿ. ನೀಲಿ ಮಿಂಚು ಕಾಣಬಹುದು. ಕೈ ಮಾತ್ರ ಹಾಕಬೇಡಿ!

1989ರಲ್ಲಿ ಬಂದ ಮೊದಲ ತಲೆಮಾರಿನ ಈ ಕಾರಿಗೆ ಡಿಸ್ಟ್ರಿಬ್ಯೂಟರ್ (ಕರೆಂಟನ್ನು ಪ್ಲಗ್‌ಗಳಿಗೆ ಸರದಿಯಲ್ಲಿ ಹಂಚುವ ಭಾಗ) ಇಲ್ಲ. 1 ಮತ್ತು 4ನೇ ಸಿಲಿಂಡರ್‌ಗೆ ಒಂದು ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಭಾಗ), 2 ಮತ್ತು 3ಕ್ಕೆ ಇನ್ನೊಂದು. ಇದು ಒಳ್ಳೆ ಸುಳಿವು. ಒಂದು ಜೋಡಿ ಒಟ್ಟಿಗೆ ಕೈಕೊಟ್ಟರೆ ಕಾಯಿಲ್ ಕಡೆ ನೋಡಿ, ಒಂದೇ ಸಿಲಿಂಡರ್ ಆದರೆ ಪ್ಲಗ್ ಅಥವಾ ವೈರ್.

ಯಾವ ಸಿಲಿಂಡರ್ ಅಂತ ತಿಳಿಯಲು ಓಡುವ ಇಂಜಿನ್‌ನಿಂದ ಪ್ಲಗ್ ವೈರ್ ಕೀಳುವವರಿದ್ದಾರೆ. ಬೇಡ, ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಬದಲಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರ್ ಒಂದೊಂದಾಗಿ ಬಿಚ್ಚಿ. ಯಾವುದನ್ನು ಬಿಚ್ಚಿದರೂ ಆರ್‌ಪಿಎಮ್ ಇಳಿಯುವುದಿಲ್ಲವೋ ಅದೇ ಕಳ್ಳ. ಆದರೆ ಐಡಲ್‌ನಲ್ಲಿ ತಪ್ಪೇ ಇಲ್ಲದಿದ್ದರೆ ಇದರಿಂದ ಏನೂ ತಿಳಿಯುವುದಿಲ್ಲ, ಸುಮ್ನೆ ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಕೂರುವ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಕ್ಯಾಮ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ, ಅದನ್ನು ಸರಿಮಾಡದೆ ಹೊಸ ವೈರ್ ಹಾಕಿದರೆ ಅದೂ ಹಾಳು. ಗ್ಯಾಪ್ 1.1 ಮಿ.ಮೀ. ದಾಟದಿರಲಿ.

ಪ್ಲಗ್, ವೈರ್ ಬದಲಿಸಿದ ಮೇಲೂ ಅದೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಸರಿಯಾಗಿ ಒತ್ತಡ ಹಿಡಿಯುತ್ತದೆಯೇ ಎಂಬ ಪರೀಕ್ಷೆ) ಮಾಡಿಸಿ.