‘ದಿ ಡ್ರೆಸರ್’ ಸಿನಿಮಾದಲ್ಲಿ ಮುದಿ ನಟನಿಗಿಂತ ಸಹಾಯಕನೇ ಯಾಕೆ ಮನಸ್ಸಿನಲ್ಲಿ ಉಳಿಯುತ್ತಾನೆ?
ಯಾಕಂದ್ರೆ ಅದನ್ನು ಬರೆದವರು ಆ ಸಹಾಯಕನ ಜಾಗದಲ್ಲೇ ನಿಂತಿದ್ದವರು. ರೊನಾಲ್ಡ್ ಹಾರ್ವುಡ್ ಇಂಗ್ಲೆಂಡಿನ ನಟ ಡೊನಾಲ್ಡ್ ವುಲ್ಫಿಟ್ ಅವರಿಗೆ ವೇಷ ತೊಡಿಸುತ್ತಿದ್ದರು. ಆ ಅನುಭವವೇ 1980ರಲ್ಲಿ ನಾಟಕವಾಯಿತು, 1983ರಲ್ಲಿ ಸಿನಿಮಾ.

ಹಾಗಾಗಿ ಕಥೆಯಲ್ಲಿ ನಡೆಯುವ ಶೇಕ್ಸ್‌ಪಿಯರ್ ನಾಟಕ ‘ಕಿಂಗ್ ಲಿಯರ್’ ಪ್ರದರ್ಶನವನ್ನು ನಾವು ಜಾಸ್ತಿ ನೋಡುವುದು ಪರದೆಯ ಹಿಂದಿನಿಂದ. ಯುದ್ಧದ ಕಾಲ, ಹೊರಗೆ ಬಾಂಬು. ದಣಿದ ನಟ ಲಿಯರ್ ಬದಲು ಬೇರೆ ನಾಟಕದ ನಾಯಕ ಒಥೆಲೋನ ಬಣ್ಣ ಬಳಿದುಕೊಳ್ಳುತ್ತಾನೆ, ಮೊದಲ ಮಾತೇ ಮರೆಯುತ್ತಾನೆ. ಗದರಿಸಿ, ರಮಿಸಿ ಅವನನ್ನು ರಂಗಕ್ಕೆ ಕಳಿಸುವವನು ಸಹಾಯಕ ನಾರ್ಮನ್. ಚಪ್ಪಾಳೆ ಮಾತ್ರ ನಟನಿಗೆ!

ನಮ್ಮ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ನಾಟಕ ನೋಡುವಾಗ ಪಕ್ಕದ ಪರದೆಯತ್ತ ಕಣ್ಣು ಹಾಯಿಸಿದ್ದೀರಾ? ಕಿರೀಟ ಹಿಡಿದು ಕತ್ತಲಲ್ಲಿ ಕಾಯುವವನೊಬ್ಬ ಇರ್ತಾನಲ್ವಾ, ಈ ಕಥೆ ಅವನದು.